ಆಗಸ್ಟ್ ಹನ್ನೆರಡರ ಚೀಟಿ

...ನಗ್ತಿ ಯಾಕ ಸುಮಂಗಲಾ? ಖರೇನ ಹೇಳಾಕತ್ತೀನಿ! ನಿನ್ನೆ ನಮ್ಮ ಕನ್ನಡ ಸಂಘಕ್ಕ ಬಂದಾವ್ರು ಮೂವತ್ತು ಮಂದಿ. ಅದರಾಗ ಹನ್ನೊಂದು ಮಂದಿ ಜೂನ್ ಒಂದಕ್ಕ ಹುಟ್ಟ್ಯಾರಂತ! ಅವ್ರ ತಾಯಂದ್ರೆಲ್ಲ ಸಾಲಿ ಶುರುವಾಗೂ ದಿನಾನ ಕಾಯ್ಕೊಂತ ಕುಂತಿದ್ರೇನು? ಹೆಡ್‌ಮಾಸ್ತರ ಕೃಪಾ, ಮತ್ತೇನು.

ಅದಕ್ಕ ನಾ ಎದ್ದು ಹೇಳಿದ್ದು... ಸರ್ಟಿಫಿಕೇಟಿನ ತಾರೀಖು ಬ್ಯಾಡ, ಖರೇ ತಾರೀಖು ಬರೀರಿ, ಹೆಸರು ಬ್ಯಾಡ. ಇವತ್ತ ಸಂಘಕ್ಕ ಬಾರದವ್ರದೂ ಗೊತ್ತಿದ್ದವ್ರು ಬರದು ಹಾಕ್ರಿ ಅಂತ. ಮೂವತ್ತು ಮಂದಿ ಕೂಡಿದ್ರ ಯಾರರ ಇಬ್ಬರ ಹುಟ್ಟಿದಹಬ್ಬ ಒಂದ ದಿನ ಬರೂ ಸಂಭವ ನೂರಕ್ಕ ಎಪ್ಪತ್ತು! ಹದಿನೆಂಟು ವರ್ಷದಿಂದ ಮೆಹದಿಪಟ್ಟಣಂ ಕಾಲೇಜಿನ್ಯಾಗ ಇದನ್ನ ಕಲಸಾಕತ್ತೀನಿ, ಒಂದು ಹುಡುಗೀನೂ ನಂಬಂಗಿಲ್ಲ. ವರ್ಷಕ್ಕ ಮುನ್ನೂರ ಅರವತ್ತೈದು ದಿನ ಅದಾವಲ್ಲ ಮೇಡಂ ಅಂತಾವ. ‘ನನ್ನ’ ದಿನಕ್ಕ ಯಾರು ಸಿಕ್ತಾರ ಅಂತ ಅಲ್ಲವಾ. ಯಾರಿಗೆ ಯಾರರ ಸಿಗಬಹುದಲ್ಲ! ಮೂವತ್ತು ಮಂದಿಯೊಳಗ ನಾನೂರ ಮೂವತ್ತೈದು ಜೋಡಿ. ಯಾವ ಜೋಡಿ ಎಲ್ಲಿ ಕೂಡ್ತೈತೋ...

ಹೂಂ, ಕೂಡೇತಿ. ಚೀಟಿ ಡಬ್ಬಿ ತಂದೀನಿ ನೋಡು. ಆಗಸ್ಟ್ ಹನ್ನೆರಡು. ಎರಡು ಚೀಟಿ.

ಚಾ ಉಕ್ಕತೈತಿ, ಗ್ಯಾಸ್ ಸಣ್ಣ ಮಾಡು.

ಒಂದು ನಮ್ಮನಿಯವ್ರದು. ಅವ್ರು ಡ್ಯೂಟಿಮ್ಯಾಲ ಇದ್ರಲ್ಲ, ನಾನ ಬರದೆ. ಮಂದಿಗೆಲ್ಲ ಅವ್ರದೂ ಜೂನ್ ಒಂದ. ಆಫೀಸಿನ್ಯಾಗ ಕೇಕ್ ಕತ್ತರಸೂದೂ ಅವತ್ತ. ನಮ್ಮತ್ತಿ ಬಂಡೆಮ್ಮ ಸಾಯೂಕಿಂತ ಮೊದಲ ನನ್ನೊಬ್ಬಾಕಿ ಮುಂದ ಹೇಳಿದ್ರು, ‘ಮೋಹನ ನಾಗರ ಪಂಚಮಿ ಮರುದಿನ ಹುಟ್ಟ್ಯಾನವಾ, ಜೋಕಾಲಿ ಇನ್ನೂ ಬಿಚ್ಚಿರಲಿಲ್ಲ’ ಅಂತ. ಅಬಿಡ್ಸಿನ್ಯಾಗ ಹಳೇ ಪುಸ್ತಕದ ಅಂಗಡಿಯೆಲ್ಲ ತಿರುಗಿ, ಆ ವರ್ಷದ ಪಂಚಾಂಗ ಹುಡುಕಿ, ತಾರೀಖು ತಗದಾಕಿ ನಾನು! ‘ಇದು ನಮ್ಮಿಬ್ಬರದ ಇರ್ಲಿ ವತ್ಸಲಾ’ ಅಂತ ನಮ್ಮನಿಯವ್ರು ಅಂದಿದ್ರು.

ಇನ್ನೊಂದು ಚೀಟಿ... ಯಾರದು ಅಂತ ನೀ ಕೇಳಲೇ ಇಲ್ಲಲ್ಲ?

ಕನ್ನಡ ಅಂಕಿಯೊಳಗ ಐತಿ. ರವಿವಾರ ಹುಡುಗ್ರಿಗೆ ಕನ್ನಡ ಕಲಸಾಕಿ ನೀನು. ಅಷ್ಟುದ್ದ ಬಾಲದ ೨ ನೀ ಬಿಟ್ರ ಈ ಲಿಂಗಂಪಲ್ಲಿಯೊಳಗ ಯಾರು ಬರೀತಾರ? ನಿಂದು ಸಂಕ್ರಾಂತಿ ಮರುದಿನ, ಪ್ರತಿ ವರ್ಷ ಬಂದು ಉಂಡು ಹೋಗ್ತೀನಿ. ನಿನ್ನ ಗಂಡ ತಮ್ಮದು ತಾವ ಬರದ್ರು, ಜೂನ್ ಒಂದು ಬರದು ನನ್ನ ಕಡೆ ಬೈಸ್ಕೊಂಡ್ರು.

ತಂಗೀದು ಅನ್ನವಾ. ಅಣ್ಣನ ಮಗಂದು ಅನ್ನು. ಸುಮ್ನ ಕೈಗೆ ಬಂದದ್ದು ಗೀಚಿದೆ ಅಕ್ಕಾ ಅನ್ನು. ನಾ ನಂಬ್ತೀನಿ! ಬೇಕಾದ್ರ ಲೆಕ್ಕಾನೂ ನಾನ ಹಾಕಿ ಕೊಡ್ತೀನಿ, ಇಂಥಾವು ಆಕ್ಕಾವು, ಭಾಳ ಆಕ್ಕಾವು ಅಂತ...

ಹೋದ ವರ್ಷ ಆ ದಿನ ಹೋಳಿಗಿ ಮಾಡಿಟ್ಟು ಕುಂತಿದ್ದೆ. ‘ಇನ್‌ಸ್ಪೆಕ್ಷನ್ ಇತ್ತು, ಕ್ಯಾಂಟೀನಿನ್ಯಾಗ ಉಂಡೆ’ ಅಂದ್ರು. ಟಿಫಿನ್ ಡಬ್ಬಿ ತೊಳ್ಯಾಕ ತಗದ್ರ ತಳದಾಗ ಗೋದಿ ಹುಗ್ಗಿ ಅಂಟಿತ್ತು. ಗೋದಿ ಹುಗ್ಗಿ! ಈ ಹೈದರಾಬಾದಿನ್ಯಾಗ ಯಾವ ಕ್ಯಾಂಟೀನಿನವ ನಮ್ಮ ಕಡೆ ಹಬ್ಬಕ್ಕ ಮಾಡೂ ಗೋದಿ ಹುಗ್ಗಿ ಮಾಡ್ತಾನ ಸುಮಂಗಲಾ?



ಚಾ ಉಕ್ಕಿ ಹೋತು. ಹೋಗ್ಲಿ ಬಿಡು, ಒರಸಬ್ಯಾಡ.

ಎರಡು ಚೀಟಿ ಅಂದೆನಲ್ಲ? ಸುಳ್ಳು. ಒಂದ ಐತಿ. ನಮ್ಮನಿಯವ್ರ ಚೀಟಿ ನಾ ಬರದೇ ಇಲ್ಲ. ನಿನ್ನ ಎದುರಿಗೇ ಪೆನ್ನು ಮುಚ್ಚಿ ಪರ್ಸಿನ್ಯಾಗ ಇಟ್ಕೊಂಡೆ. ‘ಅಯ್ಯ, ಅವ್ರದೊಂದು ಉಳೀತಲ್ಲ’ ಅಂತ ನಿನ್ನ ಜೀವ ತಡೀಲಿಲ್ಲ, ಹೌದಿಲ್ಲೋ?

ಮೂವತ್ತು ಮಂದಿನ್ನ ಸುಮ್ನ ಕುಂದ್ರಿಸಿದ್ದೆ. ನಾ ಹುಡುಕಾಕತ್ತಿದ್ದು ಒಂದ ಜೋಡಿ.