ನಾಗನ ಹೆಸರಿನ ಡಬ್ಬಿ

ಕುಂದಾಪುರದ ಆಸ್ಪತ್ರೆಯೊಂದರಲ್ಲಿ ನನ್ನ ಟೋಕನ್ ಬರಲು ಇನ್ನೂ ಹೊತ್ತಿತ್ತು. ಪಕ್ಕದಲ್ಲಿ ನಾವುಂದದ ಮೀನು ಮಾರುವ ಹೆಂಗಸರಿಬ್ಬರು ಕೂತಿದ್ದರು, ಪದ್ದು ಮತ್ತು ಬೇಬಿ. ಒಳಗೆ ಪದ್ದುವಿನ ಗಂಡ ನಾಗನ ಕರುಳಿಗೆ ಕ್ಯಾಮೆರಾ ಹಾಕಿ ನೋಡುತ್ತಿದ್ದರು.

"ನೋವಿತ್ತಾ ಅವ್ರಿಗೆ?" ಬೇಬಿ ಕೇಳಿದಳು.

"ಎಂತದೂ ಇಲ್ಲೆ. ದೊಡ್ಡ್ ಡಾಕ್ಟ್ರ್ ಲೆಕ್ಕ ಹಾಕೂಕೆ ನಮ್ಮಂತೋರ್ನ ಸಾವಿರಗಟ್ಲೆ ಕಂಪ್ಯೂಟರ್ ಒಳ್ಗೇ ಹುಟ್ಸಿ, ಮುದುಕ್ರ್ ಮಾಡಿ ಕಂಡ್ರಂಬ್ರ್, ಯಾವ್ ಪ್ರಾಯಕ್ಕೆ ಕರುಳ್ ಕ್ಯಾನ್ಸರ್ ಶುರುವಾತ್ತ್ ಅಂದೇಳಿ. ನಲ್ವತ್ತೈದಕ್ಕೇ ಪರೀಕ್ಷೆ ಮಾಡ್ಕ್ ಅಂದ್ ಬಂತಂಬ್ರ್. ಆಶಾ ಅಕ್ಕ ಇವ್ರ್ ಹೆಸ್ರಿಗೆ ಡಬ್ಬಿ ಕೊಟ್ಟ್ ಹೋದ್ರ್, ಕಕ್ಕಸ್ ಹಾಕಿ ಕೊಡೂಕೆ."

"ನಿಂಗೆ ಕೊಡ್ಲಿಲ್ಲ್ಯಾ?"

"ನಂಗೆ ನಲ್ವತ್ತೊಂದೇ ಅಲ್ದಾ."

"ಅದ್ರಲ್ಲಿ ರಕ್ತ ಇತ್ತಂಬ್ರಾ?"

"ಹ್ಞಾಂ."

"ಬೇಗ ಸಿಕ್ಕಿದ್ದ್ ಒಳ್ಳೇದಾಯ್ತ್ ಬಿಡ್."

"ಡಬ್ಬಿ ವಾಪಸ್ ಕೊಡೋ ದಿನ ಇವ್ರ್ ಬೋಟಿಗೆ ಹೋಯಿ ಎಂಟ್ ದಿನ ಆಯಿತ್ತ್. ಆಶಾ ಅಕ್ಕ ಬಾಗ್ಲ್ ಹತ್ರ ನಿಂತಿದ್ರ್. ಖಾಲಿ ಕೊಡೂಕೆ ನಾಚ್ಕೆ ಆಯ್ತ್. ನಂದೇ ಹಾಕಿ ಕೊಟ್ಟೆ."

ಬೇಬಿ ಅವಳ ಕಡೆ ತಿರುಗಿ ಕೂತಳು.

"ಅವ್ರಿಗೆ ಹೇಳಿದ್ಯಾ?"

"ಡಬ್ಬಿ ಸುದ್ದಿಯೇ ಅವ್ರಿಗೆ ಗೊತ್ತಿಲ್ಲೆ. ಕಂಪ್ಯೂಟರ್ ನಿಮ್ಮನ್ನ ಕರ್ದಿತ್ತ್ ಅಂದೆ."

"ಡಾಕ್ಟ್ರಿಗೆ?"

ಅಷ್ಟರಲ್ಲಿ ನರ್ಸ್ ಬಾಗಿಲು ತೆರೆದು, "ನಾಗ ಅವರ ಮನೆಯವರು? ಏನೂ ಇಲ್ಲ, ಕ್ಲೀನ್ ಇದೆ" ಎಂದರು. ಹಿಂದೆಯೇ ನಾಗ ಬಂದ.

"ಕಂಪ್ಯೂಟರಿಗೆ ಎಂತ ಗೊತ್ತಿತ್ತ್ ಮಾರಾಯ್ತಿ! ನಡಿ, ಬೈಂದೂರ್ ಬಸ್ ಬಪ್ಪೊತ್ತಾಯ್ತ್."

"ಹೌದ್" ಎಂದಳು ಪದ್ದು.

ಹೆಸರು ಬರೆಸುವ ಕಿಟಕಿಯ ಎದುರು ಅವಳು ಒಂದು ಕ್ಷಣ ನಿಂತಳು. ಒಳಗಿನವರು ತಲೆಯೆತ್ತುವಷ್ಟರಲ್ಲಿ ಸೆರಗು ಸರಿಮಾಡಿಕೊಂಡು ಗಂಡನ ಹಿಂದೆ ಹೊರಟಳು.