ಶ್ರುತಿ ಮಾಡುವವರ ಕಿವಿ

ಕ್ಯಾನ್ಸರ್ ವಿಭಾಗದ ಹೊರಗೆ, ಬೆಂಚಿನ ಮೇಲೆ ನನ್ನ ಪಕ್ಕ ಕೂತಿದ್ದ ಹೆಂಗಸು ಗಂಡನ ಮೇಲೆ ಸಿಡುಕಿದರು.

"ಪಕ್ಕದ ಮನೆಯವರಿಗೂ ನಿಮಗೂ ಒಂದೇ ಕಾಯಿಲೆ. ಔಷಧಿ ಮಾತ್ರ ಯಾಕೆ ಬೇರೆ?"

"ಅವರ ಔಷಧಿಯಿಂದ ಕಿವಿ ಮಂದ ಆಗಬಹುದಂತೆ. ನಾನು ಹಾರ್ಮೋನಿಯಂ ಶ್ರುತಿ ಮಾಡೋನು ಅಂದೆ. ಡಾಕ್ಟ್ರು ಬೇರೆ ಬರೆದ್ರು."

"ಜೀವಕ್ಕಿಂತ ಕಿವಿ ಹೆಚ್ಚಾಯ್ತಾ?"

"ನನ್ನ ಗಡ್ಡೆಗೆ ಇದೂ ಅಷ್ಟೇ ಕೆಲಸ ಮಾಡುತ್ತೆ ಅಂತ ನೋಡೇ ಬರೆದಿದ್ದು."

"ನಾನು ಗಂಟಲು ಹರಿಯೋ ಹಾಗೆ ಕೂಗಿದ್ರೂ ಕೇಳಿಸದ ಕಿವಿಗೆ ಇಷ್ಟು ಮರ್ಯಾದೆ!"

"ಎಲ್ಲಾ ಕೇಳಿಸ್ತಿತ್ತು ಕಣೇ."

ಅಷ್ಟರಲ್ಲಿ ನರ್ಸ್ ಕರೆದರು. ಗಂಡ ಎದ್ದು ಬಾಗಿಲತ್ತ ನಡೆದರು. ಹಿಂದಿನಿಂದ ಹೆಂಡತಿ ಏನೋ ಅಂದರು, ಪಕ್ಕದಲ್ಲೇ ಇದ್ದ ನನಗೂ ಕೇಳಿಸದಷ್ಟು ಮೆಲ್ಲಗೆ.

ಬಾಗಿಲ ಬಳಿ ಅವರು ತಿರುಗಿದರು.

"ಹೆದರಬೇಡ, ಬರ್ತೀನಿ."