ಫರ್ನೇಸ್ ಕಾದವನ ಮನೆ ಮದುವೆ

ಭದ್ರಾವತಿಯ ಕಾರ್ಖಾನೆಯನ್ನು ಖಾಸಗಿಯವರಿಗೆ ಮಾರಬಾರದೆಂದು ಕಾರ್ಮಿಕರು ಮುಷ್ಕರ ಹೂಡಿದ್ದ ದಿನಗಳು. ಶಿವಮೊಗ್ಗದ ಶಾಲೆಯಲ್ಲಿ ಪಾಠ ಮುಗಿಸಿ ಭದ್ರಾವತಿಯ ಬಸ್ಸು ಹತ್ತಿದ ಮೇಷ್ಟ್ರು ರುದ್ರೇಶನ ಮುಂದಿನ ಸೀಟಿನಲ್ಲಿ ಕಾರ್ಖಾನೆಯ ಇಬ್ಬರು ಕೂತಿದ್ದರು. ಕಿಟಕಿಯ ಕಡೆಯವನ ತೊಡೆಯ ಮೇಲೆ ಬಾಳೆಎಲೆಯ ಕಟ್ಟಿತ್ತು.

“ನಾಳೆ ಮಗಳ ಮದುವೆಗೆ ಬೇಗ ಬಾ ಹಾಲೇಶ. ಬಡಿಸೋಕೆ ನಮ್ಮ ಶಿಫ್ಟಿನೋರೇ ಆಗ್ಬೇಕು.”

“ಯಾರೂ ಬರಲ್ಲ ಹುಲಿಯಪ್ಪ. ನಾವೆಲ್ಲ ಗೇಟಲ್ಲಿ ಕೂತಿದ್ರೆ ನೀನು ಒಳಗೆ ಕೆಲ್ಸಕ್ಕೆ ಹೋದ್ಯಲ್ಲ.”

“ಫರ್ನೇಸ್ ತಣ್ಣಗಾದ್ರೆ ಕರಗಿದ ಕಬ್ಬಿಣ ಒಳಗೇ ಗಟ್ಟಿಯಾಗುತ್ತೆ ಮಾರಾಯ. ಆಮೇಲೆ ಗೆದ್ದು ಎಲ್ಲಿ ದುಡೀತೀರಿ?”

“ತಣ್ಣಗಾಗ್ಲಿ ಅಂತ್ಲೇ ಕೂತಿರೋದು. ಸತ್ತ ಫರ್ನೇಸನ್ನ ಯಾವ ಸಾಹುಕಾರ ಕೊಳ್ತಾನೆ? ನೀನು ಅವನಿಗೋಸ್ಕರ ಬಿಸಿಯಾಗಿ ಇಟ್ಟಿದೀಯ.”

“ಮಗಳೇನು ತಪ್ಪು ಮಾಡಿದ್ಲು? ನೀನು ಎತ್ತಿ ಆಡಿಸಿದೋಳು.”

“ಅವಳಿಗೆ ಒಳ್ಳೇದಾಗ್ಲಿ. ನಿನ್ನ ಮನೆ ಊಟ ಬೇಡ.”

ಹುಲಿಯಪ್ಪ ಬಾಳೆಎಲೆಯ ಕಟ್ಟನ್ನು ತೊಡೆಯ ಮೇಲೆ ಸರಿಪಡಿಸಿಕೊಂಡ.

“ನಮ್ಮೋರು ಯಾರೂ ಇಲ್ದೇ ಇದ್ರೆ ಬೀಗರಿಗೆ ಏನು ಹೇಳ್ಲಿ?”

“ಹೇಳೋದೇನೂ ಇಲ್ಲ. ನಿನ್ನೆ ನಾನೇ ಅವ್ರ ಮನೆಗೆ ಹೋಗಿ ಎಲ್ಲಾ ಹೇಳಿಬಂದೆ. ಅವ್ರೂ ಹಿಂದೆ ಅವ್ರ ಮಿಲ್ಲಿನ ಗೇಟಲ್ಲಿ ಮುಷ್ಕರ ಕೂತೋರೇ ಅಲ್ವಾ.”

“ಏನಂದ್ರು?”

“ನಾಳೆ ಛತ್ರದಲ್ಲಿ ಕಾದು ನೋಡು.”

ಕಾರ್ಖಾನೆಯ ಗೇಟು ಬಂತು. ಹಾಲೇಶ ಇಳಿದು ನಡೆದ. “ಹಾಲೇಶ, ಏನಂದ್ರು ಅಂತ ಹೇಳಿ ಹೋಗೋ” ಎನ್ನುತ್ತ ಹುಲಿಯಪ್ಪ ಅವನ ಹಿಂದೆಯೇ ಇಳಿದುಹೋದ.